ಸೋಡಿಯಂ, ಕ್ಲೋರೈಡ್ ಎಲ್ಲಿಗೆ ಹೋದವು? ನಿವ್ವಳ ಅಯಾನಿಕ ಸಮೀಕರಣದ ಗೊಂದಲಕ್ಕೆ ಉತ್ತರ

ಪ್ರಶ್ನೆ: “ಸರ್, ನಾನು ಪ್ರಥಮ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮೊನ್ನೆ ಕೆಮಿಸ್ಟ್ರಿ ಟೆಸ್ಟಿನಲ್ಲಿ ನಿವ್ವಳ ಅಯಾನಿಕ ಸಮೀಕರಣ ಬರೆಯಲು ಮೂರು ಕ್ರಿಯೆ ಕೊಟ್ಟಿದ್ದರು. ಬೇರಿಯಂ ಕ್ಲೋರೈಡ್ ಮತ್ತು ಸೋಡಿಯಂ ಸಲ್ಫೇಟ್‌ನದು ಸರಿ ಬಂತು, ಅದು ಹತ್ತನೇ ತರಗತಿಯಿಂದಲೂ ಬಾಯಿಪಾಠ. ಸೋಡಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್‌ಗೆ ಜೋಡಿ ಅದಲುಬದಲು ಮಾಡಿ ಉತ್ತರ ಬರೆದೆ, ಸೊನ್ನೆ ಬಂತು. ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾರ್ಬೊನೇಟನ್ನು ಅಯಾನುಗಳಾಗಿ ಒಡೆದೆ, ಅದಕ್ಕೂ ಸೊನ್ನೆ. ಅದು ಅಯಾನಿಕ ಸಂಯುಕ್ತ ತಾನೇ? ಒಡೆಯಬಾರದು ಯಾಕೆ? ಇನ್ನೊಂದು ಅನುಮಾನ. ಎರಡೂ ಕಡೆ ಇರುವ ಸೋಡಿಯಂ, ಕ್ಲೋರೈಡ್‌ಗಳನ್ನು ಹೊಡೆದುಹಾಕಿ ಅಂತಾರೆ. ಹಾಗೆ ಹೊಡೆದುಹಾಕಿದರೆ ರಾಶಿ ಸಂರಕ್ಷಣಾ ನಿಯಮ ಏನಾಯಿತು? ಟ್ಯೂಷನ್‌ನಲ್ಲಿ ‘ಅವು ಲೆಕ್ಕಕ್ಕಿಲ್ಲ, ಬಿಟ್ಟುಬಿಡಿ’ ಅಂದರು. ಕರಗುವ, ಕರಗದ ಲವಣಗಳ ಪಟ್ಟಿ ಪೂರ್ತಿ ಬೈಹಾರ್ಟ್ ಮಾಡಲೇಬೇಕಾ? ಗೆಳತಿ ಮಾಡಿದ್ದಾಳೆ, ನನ್ನಿಂದ ಆಗುತ್ತಿಲ್ಲ.”

ಉತ್ತರ: ನೀರಿನಲ್ಲಿ ನಡೆಯುವ ಕ್ರಿಯೆಯಲ್ಲಿ ಬದಲಾಗದ ಅಯಾನುಗಳನ್ನು (ವಿದ್ಯುದಾವೇಶ ಇರುವ ಕಣಗಳನ್ನು) ಬಿಟ್ಟು, ನಿಜವಾಗಿ ಬದಲಾದದ್ದನ್ನು ಮಾತ್ರ ಬರೆಯುವುದೇ ನಿವ್ವಳ ಅಯಾನಿಕ ಸಮೀಕರಣ. ಸೊನ್ನೆ ಬಂದ ಎರಡೂ ಉತ್ತರಗಳ ತಪ್ಪು ಒಂದೇ ಕಡೆಯಿಂದ ಬಂದದ್ದು. ಒಡೆಯಬೇಕೋ ಬೇಡವೋ ಅನ್ನುವುದನ್ನು ನೀವು ಪದಾರ್ಥದ ಹೆಸರು ನೋಡಿ ತೀರ್ಮಾನಿಸುತ್ತಿದ್ದೀರಿ. ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈಗ, ಈ ಟೆಸ್ಟ್ ಟ್ಯೂಬಿನ ನೀರಿನಲ್ಲಿ, ಇದು ಯಾವ ರೂಪದಲ್ಲಿದೆ? ಕರಗಿದೆಯೋ, ತಳದಲ್ಲಿ ಕೂತಿದೆಯೋ? ಕರಗಿದ್ದರೆ ಅಯಾನುಗಳಾಗಿ ಬಿಡಿಬಿಡಿಯಾಗಿದೆಯೋ, ಅಣುವಾಗಿಯೇ ಉಳಿದಿದೆಯೋ? ವರ್ಷಾನುಗಟ್ಟಲೆ ಉತ್ತರ ಪತ್ರಿಕೆ ತಿದ್ದಿದವನಾಗಿ ಹೇಳುತ್ತೇನೆ, ಈ ಪಾಠದಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಜಾಸ್ತಿ ಇಲ್ಲೇ. ಬ್ಯಾಲೆನ್ಸ್ ಮಾಡುವುದನ್ನು ಹೆಚ್ಚಿನವರು ಹೇಗೋ ಕಲಿತಿರುತ್ತಾರೆ.

ನೋಟ್‌ಬುಕ್ಕಿನಲ್ಲಿ ನೀವು ರಾಸಾಯನಿಕ ಸಂಕೇತಗಳಲ್ಲೇ ಬರೆಯಿರಿ. ಇಲ್ಲಿ ನಾನು ಹೆಸರುಗಳಲ್ಲಿ ಬರೆಯುತ್ತೇನೆ, ಓದಲು ಸಲೀಸು.

ಸರಿ ಬಂದ ಲೆಕ್ಕದಿಂದಲೇ ಶುರು ಮಾಡೋಣ. ಬೇರಿಯಂ ಕ್ಲೋರೈಡ್ ನೀರಿನಲ್ಲಿ ಕರಗಿದ ಮೇಲೆ ಆ ಬಾಟಲಿಯಲ್ಲಿ ‘ಬೇರಿಯಂ ಕ್ಲೋರೈಡ್’ ಎಂಬ ಕಣವೇ ಇರುವುದಿಲ್ಲ. ಬೇರಿಯಂ ಅಯಾನು ಬೇರೆ, ಕ್ಲೋರೈಡ್ ಅಯಾನು ಬೇರೆ. ಒಂದೊಂದರ ಸುತ್ತಲೂ ನೀರಿನ ಅಣುಗಳು. ಸೋಡಿಯಂ ಸಲ್ಫೇಟ್ ದ್ರಾವಣದಲ್ಲೂ ಹಾಗೆಯೇ. ಎರಡನ್ನೂ ಬೆರೆಸಿದಾಗ ನಾಲ್ಕು ಬಗೆಯ ಅಯಾನುಗಳು ಒಂದೇ ನೀರಿನಲ್ಲಿ ಓಡಾಡುತ್ತವೆ. ಅದರಲ್ಲಿ ಬೇರಿಯಂ ಮತ್ತು ಸಲ್ಫೇಟ್ ಎದುರಾದಾಗ ಮಾತ್ರ ಒಂದನ್ನೊಂದು ಬಿಡದೆ ಹಿಡಿದುಕೊಳ್ಳುತ್ತವೆ. ನೀವು ನೋಡುವ ಬಿಳಿ ಪ್ರಕ್ಷೇಪ, ಅಂದರೆ ಕರಗದೆ ತಳಕ್ಕೆ ಬೀಳುವ ಘನ, ಅದೇ.

ಬೇರಿಯಂ²⁺ + 2 ಕ್ಲೋರೈಡ್⁻ + 2 ಸೋಡಿಯಂ⁺ + ಸಲ್ಫೇಟ್²⁻ → ಬೇರಿಯಂ ಸಲ್ಫೇಟ್ (ಘನ) + 2 ಸೋಡಿಯಂ⁺ + 2 ಕ್ಲೋರೈಡ್⁻

ಎರಡೂ ಬದಿಯಲ್ಲಿ ಏನೂ ಬದಲಾಗದೆ ಇರುವುದನ್ನು ತೆಗೆದರೆ ಉಳಿಯುವುದು ಇಷ್ಟು:

ಬೇರಿಯಂ²⁺ + ಸಲ್ಫೇಟ್²⁻ → ಬೇರಿಯಂ ಸಲ್ಫೇಟ್ (ಘನ)

ರಾಶಿ ಸಂರಕ್ಷಣೆಯ ಅನುಮಾನಕ್ಕೆ ಅಂಕಿಯಲ್ಲೇ ಉತ್ತರ ನೋಡಿ. ಒಂದು ಮೋಲ್ ಬೇರಿಯಂ ಕ್ಲೋರೈಡ್ ಸುಮಾರು 208 ಗ್ರಾಂ, ಸೋಡಿಯಂ ಸಲ್ಫೇಟ್ 142 ಗ್ರಾಂ. ಒಟ್ಟು 350. ಕ್ರಿಯೆ ಮುಗಿದ ಮೇಲೆ ಬೇರಿಯಂ ಸಲ್ಫೇಟ್ 233 ಗ್ರಾಂ, ನೀರಿನಲ್ಲಿ ಉಳಿದ ಸೋಡಿಯಂ ಮತ್ತು ಕ್ಲೋರೈಡ್ ಸೇರಿ 117 ಗ್ರಾಂ. ಮತ್ತೆ 350. ಈಗ ನಿವ್ವಳ ಸಮೀಕರಣ ಮಾತ್ರ ನೋಡಿ. ಬೇರಿಯಂ 137, ಸಲ್ಫೇಟ್ 96, ಕೂಡಿದರೆ 233. ಇಲ್ಲೂ ಸರಿಹೋಯಿತು. ಎರಡೂ ಬದಿಯಿಂದ ಒಂದೇ 117 ಗ್ರಾಮನ್ನು ತೆಗೆದಿರಿ, ಅಷ್ಟೇ. ನಿಯಮಕ್ಕೆ ಏನೂ ಆಗಲಿಲ್ಲ.

‘ಅವು ಲೆಕ್ಕಕ್ಕಿಲ್ಲ’ ಅನ್ನುವ ಮಾತು ಮಾತ್ರ ನನಗೆ ಸರಿ ಕಾಣುವುದಿಲ್ಲ. ಹೀಗೆ ಎರಡೂ ಬದಿಯಲ್ಲಿ ಬದಲಾಗದೆ ಉಳಿಯುವ ಪ್ರೇಕ್ಷಕ ಅಯಾನುಗಳನ್ನು ಮದುವೆಗೆ ಬಂದ ನೆಂಟರಿಗೆ ಹೋಲಿಸುವ ರೂಢಿ ಇದೆ. ಆದರೆ ನೆಂಟರು ಊಟ ಮಾಡಿ ಮನೆಗೆ ಹೋಗುತ್ತಾರೆ. ಸೋಡಿಯಂ, ಕ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ. ಪ್ರಕ್ಷೇಪವನ್ನು ಫಿಲ್ಟರ್ ಪೇಪರಿನಲ್ಲಿ ಸೋಸಿ, ಕೆಳಗೆ ಇಳಿದ ತಿಳಿಯನ್ನು ಚೀನಾ ಬಟ್ಟಲಿನಲ್ಲಿ ಹಾಕಿ ಇಂಗಿಸಿದರೆ ಬಿಳಿ ಉಪ್ಪು ಉಳಿಯುತ್ತದೆ. ಅಡುಗೆ ಉಪ್ಪೇ. ಹಾಗಂತ ರುಚಿ ನೋಡಬೇಡಿ. ಬೇರಿಯಂ ಕ್ಲೋರೈಡ್ ಒಂದಿಷ್ಟು ಜಾಸ್ತಿ ಬಿದ್ದಿದ್ದರೂ ಅದರಲ್ಲಿ ವಿಷಕಾರಿ ಬೇರಿಯಂ ಅಯಾನು ಇರುತ್ತದೆ. ಧನ, ಋಣ ಆವೇಶ ಸಮ ಆಗಲೂ ಆ ಪ್ರೇಕ್ಷಕರು ಬೇಕು. ಬರೀ ಬೇರಿಯಂ ಅಯಾನು ತುಂಬಿದ ಬಾಟಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಾಗಾದರೆ ಅವನ್ನು ಯಾಕೆ ಬಿಡುತ್ತೇವೆ? ಜಾಗ ಉಳಿಸುವುದಕ್ಕೆ ಅಂತ ಬಹಳ ಮಕ್ಕಳು ತಿಳಿದಿದ್ದಾರೆ. ಕಾರಣ ಅದಲ್ಲ. ಬೇರಿಯಂ ಕ್ಲೋರೈಡ್ ಬದಲು ಬೇರಿಯಂ ನೈಟ್ರೇಟ್ ಹಾಕಿ, ಸೋಡಿಯಂ ಸಲ್ಫೇಟ್ ಬದಲು ಪೊಟ್ಯಾಸಿಯಂ ಸಲ್ಫೇಟ್ ಹಾಕಿ. ಅದೇ ಬಿಳಿ ಪ್ರಕ್ಷೇಪ ಬರುತ್ತದೆ. ಪೂರ್ಣ ಸಮೀಕರಣ ಪ್ರತಿ ಸಲ ಬದಲಾಗುತ್ತದೆ, ನಿವ್ವಳ ಸಮೀಕರಣ ಬದಲಾಗುವುದಿಲ್ಲ. ನಿಜವಾಗಿ ನಡೆದ ಘಟನೆ ಯಾವುದು ಅನ್ನುವುದನ್ನು ಅದು ಹೇಳುತ್ತದೆ.

ಬೋರ್‌ವೆಲ್ ನೀರನ್ನೇ ತೆಗೆದುಕೊಳ್ಳಿ. ನಮ್ಮ ಬಯಲುಸೀಮೆಯಲ್ಲಿ ಗಡಸು ನೀರು ಯಾರಿಗೆ ಗೊತ್ತಿಲ್ಲ? ಸೋಪು ನೊರೆ ಬರುವುದಿಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಗಸಿ ಕೂರುತ್ತದೆ. ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಇವೆ. ಬೈಕಾರ್ಬೊನೇಟ್, ಕ್ಲೋರೈಡ್, ಸಲ್ಫೇಟ್ ಇವೆ. ಈಗ ಹೇಳಿ, ಅದರಲ್ಲಿರುವುದು ಕ್ಯಾಲ್ಸಿಯಂ ಕ್ಲೋರೈಡೋ, ಕ್ಯಾಲ್ಸಿಯಂ ಸಲ್ಫೇಟೋ? ಆ ಪ್ರಶ್ನೆಗೆ ಅರ್ಥವೇ ಇಲ್ಲ. ಕ್ಯಾಲ್ಸಿಯಂ ಅಯಾನು ಇದೆ, ಅಷ್ಟೇ. ಒಂದು ಲೋಟ ಗಡಸು ನೀರಿಗೆ ಬಟ್ಟೆ ಒಗೆಯುವ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಕರಗಿಸಿ ಹಾಕಿ ನೋಡಿ. ನೀರು ಮಸುಕಾಗುತ್ತದೆ. ಇದಕ್ಕೆ ಪೂರ್ಣ ಸಮೀಕರಣ ಬರೆಯಲು ಹೊರಟರೆ ಎಡಗಡೆ ಏನು ಬರೆಯುತ್ತೀರಿ? ನಿವ್ವಳದಲ್ಲಿ ಆದರೆ ಒಂದೇ ಸಾಲು:

ಕ್ಯಾಲ್ಸಿಯಂ²⁺ + ಕಾರ್ಬೊನೇಟ್²⁻ → ಕ್ಯಾಲ್ಸಿಯಂ ಕಾರ್ಬೊನೇಟ್ (ಘನ)

ನೀರು ಪರೀಕ್ಷೆ ಮಾಡುವ ಲ್ಯಾಬಿನವರೂ ಹೀಗೇ ಯೋಚಿಸುತ್ತಾರೆ. ವರದಿಯಲ್ಲಿ ‘ಕ್ಲೋರೈಡ್, ಲೀಟರಿಗೆ ಇಷ್ಟು ಮಿಲಿಗ್ರಾಂ’ ಅಂತ ಇರುತ್ತದೆ. ಸೋಡಿಯಂ ಕ್ಲೋರೈಡ್ ಎಷ್ಟು, ಮೆಗ್ನೀಸಿಯಂ ಕ್ಲೋರೈಡ್ ಎಷ್ಟು ಅಂತ ಇರುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ 10500 ಕೂಡ ಕ್ಲೋರೈಡ್‌ಗೆ ಲೀಟರಿಗೆ 250 ಮಿಲಿಗ್ರಾಂ ಮಿತಿ ಹಾಕುತ್ತದೆ, ಬೇರೆ ನೀರಿನ ಮೂಲವೇ ಇಲ್ಲದ ಕಡೆ 1000 ಮಿಲಿಗ್ರಾಂವರೆಗೆ. ಅಳೆಯುವ ಒಂದು ವಿಧಾನ ನೀವು ಓದುತ್ತಿರುವ ಪ್ರಕ್ಷೇಪನ ಕ್ರಿಯೆಯೇ. ಸಿಲ್ವರ್ ನೈಟ್ರೇಟನ್ನು ಬ್ಯೂರೆಟ್‌ನಿಂದ ಹನಿಹನಿಯಾಗಿ ಬಿಡುತ್ತಾರೆ. ಕ್ಲೋರೈಡ್ ಇರುವ ತನಕ ಬಿಳಿ ಸಿಲ್ವರ್ ಕ್ಲೋರೈಡ್ ಬೀಳುತ್ತದೆ. ಅದು ಮುಗಿದ ಕೂಡಲೇ, ಮೊದಲೇ ಒಂದಿಷ್ಟು ಹಾಕಿಟ್ಟ ಪೊಟ್ಯಾಸಿಯಂ ಕ್ರೋಮೇಟ್ ಜೊತೆ ಸಿಲ್ವರ್ ಸೇರಿ ಇಟ್ಟಿಗೆ ಕೆಂಪು ಬಣ್ಣ ಕಾಣಿಸುತ್ತದೆ. ಇದಕ್ಕೆ ಮೋರ್ ವಿಧಾನ ಅಂತ ಹೆಸರು. ಮುಂದೆ ನಿಮಗೆ ಬರುವ ಸಾಲ್ಟ್ ಅನಾಲಿಸಿಸ್ ಪೂರ್ತಿ ನಿಂತಿರುವುದೂ ಇದರ ಮೇಲೆ. ಅಲ್ಲಿ ನೀವು ಹುಡುಕುವುದು ಅಯಾನುಗಳನ್ನು.

ಲವಣ ನೀರಿನಲ್ಲಿ ಕರಗಿದರೆ ಸಾಕು, ವಿದ್ಯುತ್ ಹಾಯಿಸದಿದ್ದರೂ ತಾನಾಗಿಯೇ ಅಯಾನುಗಳಾಗುತ್ತದೆ ಅಂತ 1884ರಲ್ಲಿ ಸ್ವೀಡನ್ನಿನ ಸ್ವಾಂತೆ ಅರೇನಿಯಸ್ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆದ. ಪರೀಕ್ಷಕರಿಗೆ ಹಿಡಿಸಲಿಲ್ಲ, ತೀರಾ ಕೆಳಗಿನ ದರ್ಜೆ ಕೊಟ್ಟರು. 1903ರಲ್ಲಿ ಅದೇ ವಿಚಾರಕ್ಕೆ ನೊಬೆಲ್ ಬಂತು. ನಿಮ್ಮ ಕಾಲೇಜಿನಲ್ಲಿ ಸಾಧ್ಯವಿದ್ದರೆ ಲೆಕ್ಚರರ್ ಹತ್ತಿರ ಕೇಳಿ ಈ ಪ್ರಯೋಗ ನೋಡಿ: ಬೇರಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಎರಡು ಕಡ್ಡಿ ಇಳಿಬಿಟ್ಟು ಬಲ್ಬ್ ಜೋಡಿಸಿ, ನೀರು ಬೆರೆಸಿ ತೆಳುವಾಗಿಸಿದ ಸಲ್ಫ್ಯೂರಿಕ್ ಆಮ್ಲವನ್ನು ಸ್ವಲ್ಪಸ್ವಲ್ಪವೇ ಸುರಿಯುವುದು. ಬಲ್ಬ್ ಮಂಕಾಗುತ್ತಾ ಬಂದು ಒಂದು ಹಂತದಲ್ಲಿ ಆರಿಯೇ ಹೋಗುತ್ತದೆ. ಆಮ್ಲ ಇನ್ನೂ ಸುರಿದರೆ ಮತ್ತೆ ಹತ್ತಿಕೊಳ್ಳುತ್ತದೆ. ಆರಿದ ಹಂತದಲ್ಲಿ ಬೇರಿಯಂ, ಸಲ್ಫೇಟ್ ಎರಡೂ ಪ್ರಕ್ಷೇಪವಾಗಿವೆ, ಹೈಡ್ರೋಜನ್ ಮತ್ತು ಹೈಡ್ರಾಕ್ಸೈಡ್ ಸೇರಿ ನೀರಾಗಿವೆ. ಕರೆಂಟ್ ಒಯ್ಯಲು ನೀರಿನಲ್ಲಿ ಯಾರೂ ಉಳಿದಿಲ್ಲ. ಬೇರಿಯಂ ಕ್ಲೋರೈಡ್, ಸೋಡಿಯಂ ಸಲ್ಫೇಟ್ ಬೆರೆಸಿದರೆ ಬಲ್ಬ್ ಹೀಗೆ ಆರುವುದಿಲ್ಲ. ಕಾರಣ, ನೀವು ಹೊಡೆದುಹಾಕಿದ ಸೋಡಿಯಂ ಮತ್ತು ಕ್ಲೋರೈಡ್ ಅಲ್ಲೇ ಇದ್ದು ಕೆಲಸ ಮಾಡುತ್ತಿವೆ.

ಈಗ ಮೊದಲ ಸೊನ್ನೆಗೆ ಬರೋಣ. ಸೋಡಿಯಂ ನೈಟ್ರೇಟ್, ಪೊಟ್ಯಾಸಿಯಂ ಕ್ಲೋರೈಡ್. ಹತ್ತನೇ ತರಗತಿಯಲ್ಲಿ ದ್ವಿಸ್ಥಾನಪಲ್ಲಟ ಅಂತ ಕಲಿತಿರಿ, ಜೋಡಿ ಬದಲಿಸಿದರೆ ಉತ್ತರ. ಕಾಗದದ ಮೇಲೆ ಯಾವ ಎರಡು ಲವಣಗಳ ಜೋಡಿಯನ್ನಾದರೂ ಬದಲಿಸಬಹುದು. ಹಾಗೆ ಬದಲಿಸಿದ ಮಾತ್ರಕ್ಕೆ ಕ್ರಿಯೆ ನಡೆದಂತಲ್ಲ. ಬೆರೆಸುವ ಮುಂಚೆ ನಾಲ್ಕು ಅಯಾನು ಬಿಡಿಯಾಗಿದ್ದವು, ಬೆರೆಸಿದ ಮೇಲೂ ಅದೇ ನಾಲ್ಕು ಬಿಡಿಯಾಗಿವೆ. ಎಲ್ಲವನ್ನೂ ಹೊಡೆದುಹಾಕಿದ ಮೇಲೆ ಕಾಗದದಲ್ಲಿ ಏನೂ ಉಳಿಯುವುದಿಲ್ಲ. ಸರಿಯಾದ ಉತ್ತರ: ‘ಕ್ರಿಯೆ ಇಲ್ಲ’. ಇದನ್ನು ಬರೆಯಲು ಮಕ್ಕಳು ಹೆದರುತ್ತಾರೆ. ಪ್ರಶ್ನೆ ಕೊಟ್ಟ ಮೇಲೆ ಉತ್ತರ ಇರಲೇಬೇಕು ಅನ್ನೋ ನಂಬಿಕೆ. ಪ್ರಶ್ನೆಪತ್ರಿಕೆ ತಯಾರಿಸುವವರಿಗೂ ಆ ಹೆದರಿಕೆ ಗೊತ್ತು!

ಆದರೂ ನೀವು ಬರೆದದ್ದು ಪೂರ್ತಿ ಹುಚ್ಚುತನವೇನಲ್ಲ. 19ನೇ ಶತಮಾನದಲ್ಲಿ ಚಿಲಿ ದೇಶದ ಸೋಡಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್‌ನಿಂದಲೇ ಮದ್ದಿನ ಪುಡಿಗೆ ಬೇಕಾದ ಪೊಟ್ಯಾಸಿಯಂ ನೈಟ್ರೇಟ್ ಮಾಡುತ್ತಿದ್ದರು. ಗಟ್ಟಿಯಾದ ದ್ರಾವಣವನ್ನು ಕುದಿಸಿದರೆ ಅಡುಗೆ ಉಪ್ಪು ಮೊದಲು ಹರಳಾಗುತ್ತದೆ, ಯಾಕೆಂದರೆ ಬಿಸಿ ಮಾಡಿದರೂ ಉಪ್ಪಿನ ಕರಗುವಿಕೆ ಹೆಚ್ಚೇನೂ ಏರುವುದಿಲ್ಲ. 100 ಮಿಲಿಲೀಟರ್ ನೀರಿಗೆ ಸುಮಾರು 36ರಿಂದ 39 ಗ್ರಾಂಗೆ ಹೋಗುತ್ತದೆ, ಅಷ್ಟೇ. ಪೊಟ್ಯಾಸಿಯಂ ನೈಟ್ರೇಟ್ 20 ಡಿಗ್ರಿಯಲ್ಲಿ ಸುಮಾರು 32 ಗ್ರಾಂ ಕರಗಿದರೆ ಕುದಿಯುವ ನೀರಿನಲ್ಲಿ 240 ಗ್ರಾಂಗೂ ಹೆಚ್ಚು ಕರಗುತ್ತದೆ. ಉಪ್ಪು ಸೋಸಿ, ಉಳಿದದ್ದನ್ನು ತಣ್ಣಗಾಗಿಸಿದರೆ ಪೊಟ್ಯಾಸಿಯಂ ನೈಟ್ರೇಟ್ ಹರಳಾಗಿ ಬೀಳುತ್ತದೆ. ಅಂದರೆ ನಿಮ್ಮ ಸಮೀಕರಣ ಕಾರ್ಖಾನೆಯ ಕೊಪ್ಪರಿಗೆಯಲ್ಲಿ ನಡೆಯುತ್ತದೆ. ತೆಳುವಾದ ದ್ರಾವಣ ಇರುವ ಟೆಸ್ಟ್ ಟ್ಯೂಬಿನಲ್ಲಿ ನಡೆಯುವುದಿಲ್ಲ. ಪರೀಕ್ಷೆಯಲ್ಲಿ ಕೇಳಿದ್ದು ಟೆಸ್ಟ್ ಟ್ಯೂಬಿನ ಬಗ್ಗೆ.

ಎರಡನೇ ಸೊನ್ನೆ, ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಅಯಾನಿಕ ಸಂಯುಕ್ತ, ನೀವು ಹೇಳಿದ್ದು ನಿಜ. ಅಮೃತಶಿಲೆಯ ಚೂರಿನ ಒಳಗೂ ಕ್ಯಾಲ್ಸಿಯಂ ಅಯಾನು, ಕಾರ್ಬೊನೇಟ್ ಅಯಾನು ಇವೆ. ಆದರೆ ಅವು ಕಲ್ಲಿನೊಳಗೆ ಕಟ್ಟಿಕೊಂಡು ಕೂತಿವೆ, ನೀರಿನಲ್ಲಿ ಬಿಡಿಯಾಗಿ ಓಡಾಡುತ್ತಿಲ್ಲ. ನಾವು ಒಡೆದು ಬರೆಯುವುದು ನೀರಿಗೆ ಬಂದ ಅಯಾನುಗಳನ್ನು ಮಾತ್ರ. ಹಾಗಾಗಿ:

ಕ್ಯಾಲ್ಸಿಯಂ ಕಾರ್ಬೊನೇಟ್ (ಘನ) + 2 ಹೈಡ್ರೋಜನ್⁺ → ಕ್ಯಾಲ್ಸಿಯಂ²⁺ + ನೀರು + ಕಾರ್ಬನ್ ಡೈಆಕ್ಸೈಡ್ (ಅನಿಲ)

ಇಲ್ಲಿ ಪ್ರೇಕ್ಷಕ ಕ್ಲೋರೈಡ್ ಒಂದೇ. ನಿಮ್ಮ ಹಾಗೆ ಒಡೆದಿದ್ದರೆ ಕ್ಯಾಲ್ಸಿಯಂ ಕೂಡ ಪ್ರೇಕ್ಷಕ ಅಂತ ಹೊಡೆದುಹೋಗುತ್ತಿತ್ತು. ಗಟ್ಟಿ ಕಲ್ಲು ಕರಗಿ ಕ್ಯಾಲ್ಸಿಯಂ ನೀರಿಗೆ ಬಂದದ್ದೇ ಇಲ್ಲಿನ ಮುಖ್ಯ ಘಟನೆ, ಅದೇ ಉತ್ತರದಿಂದ ಮಾಯವಾಗುತ್ತಿತ್ತು. ಸೊನ್ನೆ ಕೊಟ್ಟದ್ದು ಸ್ವಲ್ಪ ಬಿರುಸಾಯಿತು, ಆದರೆ ತಪ್ಪು ಸಣ್ಣದಲ್ಲ.

ಇದು ಮನಸ್ಸಿಗೆ ಚೆನ್ನಾಗಿ ಹತ್ತಬೇಕಾದರೆ ಸುಣ್ಣ ನೋಡಿ. ಒಂದೇ ಪದಾರ್ಥ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದನ್ನು ನೀರಿನಲ್ಲಿ ಕಲಸಿ ಬಿಟ್ಟರೆ ಮೇಲೆ ತಿಳಿ ನಿಲ್ಲುತ್ತದೆ, ಕೆಳಗೆ ಗಸಿ ಕೂರುತ್ತದೆ. ಕೋಣೆಯ ಉಷ್ಣತೆಯಲ್ಲಿ ಒಂದು ಲೀಟರಿಗೆ ಕರಗುವುದು ಹೆಚ್ಚುಕಡಿಮೆ 1.7 ಗ್ರಾಂ ಮಾತ್ರ. ಮೇಲಿನ ತಿಳಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ:

ಹೈಡ್ರಾಕ್ಸೈಡ್⁻ + ಹೈಡ್ರೋಜನ್⁺ → ನೀರು

ಯಾಕೆಂದರೆ ತಿಳಿಯಲ್ಲಿ ಕ್ಯಾಲ್ಸಿಯಂ ಆಗಲೇ ಕರಗಿತ್ತು, ಕೊನೆಗೂ ಕರಗಿಯೇ ಇದೆ. ಅದು ಪ್ರೇಕ್ಷಕ. ತಳದ ಗಸಿಗೆ ಅದೇ ಆಮ್ಲ ಹಾಕಿದರೆ:

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ (ಘನ) + 2 ಹೈಡ್ರೋಜನ್⁺ → ಕ್ಯಾಲ್ಸಿಯಂ²⁺ + 2 ನೀರು

ಸೂತ್ರ ಒಂದೇ, ಆಮ್ಲ ಒಂದೇ, ನಿವ್ವಳ ಸಮೀಕರಣ ಎರಡು. ಹೆಸರು ನೋಡಿ ತೀರ್ಮಾನಿಸಬಾರದು ಅಂದದ್ದು ಇದಕ್ಕೇ. ಪ್ರಶ್ನೆಯಲ್ಲಿ ‘ಸುಣ್ಣದ ತಿಳಿನೀರು’ ಅಂತ ಇದೆಯೋ, ‘ಘನ ಕ್ಯಾಲ್ಸಿಯಂ ಹೈಡ್ರಾಕ್ಸೈಡ್’ ಅಂತ ಇದೆಯೋ ಓದಿಕೊಳ್ಳಿ. ತಿಳಿನೀರಿಗೆ ಉಸಿರು ಊದಿದಾಗ ಹಾಲಿನಂತಾಗುವುದು ಗೊತ್ತಲ್ವಾ? ಅದಕ್ಕೂ ಇದೇ ಲೆಕ್ಕ: ಕ್ಯಾಲ್ಸಿಯಂ²⁺ + 2 ಹೈಡ್ರಾಕ್ಸೈಡ್⁻ + ಕಾರ್ಬನ್ ಡೈಆಕ್ಸೈಡ್ → ಕ್ಯಾಲ್ಸಿಯಂ ಕಾರ್ಬೊನೇಟ್ (ಘನ) + ನೀರು. ಪ್ರೇಕ್ಷಕರೇ ಇಲ್ಲ. ಕಾರ್ಬನ್ ಡೈಆಕ್ಸೈಡ್ ಹಾಯಿಸುತ್ತಲೇ ಹೋದರೆ ಬೈಕಾರ್ಬೊನೇಟ್ ಆಗಿ ಮತ್ತೆ ತಿಳಿಯಾಗುತ್ತದೆ.

ಕರಗಿದ್ದೆಲ್ಲಾ ಒಡೆಯುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ ನೀರಿನಲ್ಲಿ ಚೆನ್ನಾಗಿ ಬೆರೆಯುತ್ತದೆ, ಆದರೆ ಅದರ ಅಣುಗಳಲ್ಲಿ ಬಹುಪಾಲು ಇಡಿಯಾಗಿಯೇ ಇರುತ್ತವೆ. ಅದು ದುರ್ಬಲ ಆಮ್ಲ. ಮೊಟ್ಟೆಯ ಚಿಪ್ಪಿಗೆ ವಿನೆಗರ್ ಹಾಕಿದ್ದಕ್ಕೆ ಬರೀ ಹೈಡ್ರೋಜನ್⁺ ಬರೆದರೆ ತಪ್ಪು, ಅಸಿಟಿಕ್ ಆಮ್ಲವನ್ನು ಅಣುವಾಗಿಯೇ ಬರೆಯಬೇಕು. ಅಮೋನಿಯಾ ದ್ರಾವಣಕ್ಕೂ ಇದೇ ಮಾತು. ಒಡೆಯಬೇಕಾದ ಪ್ರಬಲ ಆಮ್ಲಗಳು ಕೆಲವೇ: ಹೈಡ್ರೋಕ್ಲೋರಿಕ್, ಹೈಡ್ರೋಬ್ರೋಮಿಕ್, ಹೈಡ್ರಯೋಡಿಕ್, ನೈಟ್ರಿಕ್, ಪರ್ಕ್ಲೋರಿಕ್, ಸಲ್ಫ್ಯೂರಿಕ್. ಬೇರೆ ಆಮ್ಲ ಕಂಡರೆ ಪೆನ್ನು ಒಂದು ಕ್ಷಣ ನಿಲ್ಲಲಿ.

ಯಾವುದು ಕರಗುತ್ತದೆ, ಯಾವುದು ಇಲ್ಲ ಅನ್ನುವುದರ ಹಿಂದೆ ಒಂದು ಜಗ್ಗಾಟ ಇದೆ. ಹರಳಿನಲ್ಲಿ ಧನ ಅಯಾನು, ಋಣ ಅಯಾನು ಒಂದನ್ನೊಂದು ಸೆಳೆಯುತ್ತವೆ. ನೀರಿನ ಅಣುಗಳು ಎರಡನ್ನೂ ತಮ್ಮ ಕಡೆ ಎಳೆಯುತ್ತವೆ. ಆವೇಶ ಹೆಚ್ಚಿದ್ದರೆ ಹರಳಿನ ಹಿಡಿತ ಬಿಗಿ, ಹಾಗಾಗಿ ಬೇರಿಯಂ ಸಲ್ಫೇಟ್ ಕರಗುವುದಿಲ್ಲ ಅಂತ ಒಂದು ವಿವರಣೆ ಕೇಳಿರುತ್ತೀರಿ. ಅದನ್ನೇ ನಂಬಿದರೆ ಕೆಡುತ್ತೀರಿ. ಮೆಗ್ನೀಸಿಯಂ ಸಲ್ಫೇಟ್‌ನಲ್ಲೂ ಅದೇ 2+ ಮತ್ತು 2−, ಆದರೆ ಅದು ನೀರಿನಲ್ಲಿ ಧಾರಾಳವಾಗಿ ಕರಗುತ್ತದೆ. ಮೆಗ್ನೀಸಿಯಂ ಅಯಾನು ಗಾತ್ರದಲ್ಲಿ ಚಿಕ್ಕದು, ನೀರು ಅದನ್ನು ಬಲವಾಗಿ ಹಿಡಿದುಕೊಳ್ಳುತ್ತದೆ. ಸಿಲ್ವರ್ ಕ್ಲೋರೈಡ್‌ನಲ್ಲಿ ಬರೀ 1+ ಮತ್ತು 1−, ಆದರೂ ಕರಗುವುದಿಲ್ಲ. ಅದಕ್ಕೇ ಇದನ್ನು ತರ್ಕದಿಂದ ಪರೀಕ್ಷಾ ಹಾಲ್‌ನಲ್ಲಿ ಕಂಡುಹಿಡಿಯಲು ಹೋಗಬೇಡಿ. ನಿಯಮ ನೆನಪಿಡುವುದೇ ದಾರಿ.

ಪಟ್ಟಿ ಪೂರ್ತಿ ಬೇಡ. ನಾಲ್ಕು ಮೆಟ್ಟಿಲು ಸಾಕು, ಆದರೆ ಮೇಲಿನಿಂದ ಕೆಳಕ್ಕೆ ಅದೇ ಕ್ರಮದಲ್ಲಿ ನೋಡಬೇಕು. ಮೊದಲು ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ, ನೈಟ್ರೇಟ್. ಇವುಗಳಲ್ಲಿ ಒಂದು ಇದ್ದರೂ ನಿಮ್ಮ ಮಟ್ಟದಲ್ಲಿ ಅದು ಕರಗುತ್ತದೆ, ಮುಂದೆ ನೋಡುವುದೇ ಬೇಡ. ಆಮೇಲೆ ಕ್ಲೋರೈಡ್, ಬ್ರೋಮೈಡ್, ಅಯೋಡೈಡ್: ಕರಗುತ್ತವೆ, ಸಿಲ್ವರ್, ಸೀಸ ಮತ್ತು 1+ ಪಾದರಸದವು ಬಿಟ್ಟು. ಮೂರನೆಯದು ಸಲ್ಫೇಟ್: ಕರಗುತ್ತವೆ, ಬೇರಿಯಂ, ಸ್ಟ್ರಾನ್ಷಿಯಂ, ಸೀಸದವು ಬಿಟ್ಟು, ಕ್ಯಾಲ್ಸಿಯಂ ಸಲ್ಫೇಟ್ ಅತ್ತಲೂ ಇಲ್ಲ ಇತ್ತಲೂ ಇಲ್ಲ, ಲೀಟರಿಗೆ ಸುಮಾರು 2 ಗ್ರಾಂ ಕರಗುತ್ತದೆ. ಕೊನೆಗೆ ಕಾರ್ಬೊನೇಟ್, ಫಾಸ್ಫೇಟ್, ಹೈಡ್ರಾಕ್ಸೈಡ್, ಸಲ್ಫೈಡ್: ಬಹುತೇಕ ಕರಗುವುದಿಲ್ಲ. ಬೇರಿಯಂ ಹೈಡ್ರಾಕ್ಸೈಡ್ ಕರಗುತ್ತದೆ ಅನ್ನುವುದೊಂದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಕ್ರಮ ಯಾಕೆ ಮುಖ್ಯ ಅಂದರೆ, ಸೋಡಿಯಂ ಕಾರ್ಬೊನೇಟ್ ಬಂದಾಗ ನಾಲ್ಕನೇ ಮೆಟ್ಟಿಲಿನಿಂದ ಶುರು ಮಾಡಿದವರು ಅದನ್ನು ಘನ ಅಂತ ಬರೆದುಬಿಡುತ್ತಾರೆ.

‘ಕರಗುವುದಿಲ್ಲ’ ಅಂದರೆ ಚೂರೂ ಕರಗುವುದಿಲ್ಲ ಅಂತಲ್ಲ. ಸಿಲ್ವರ್ ಕ್ಲೋರೈಡ್ ಲೀಟರಿಗೆ ಸುಮಾರು 2 ಮಿಲಿಗ್ರಾಂ, ಬೇರಿಯಂ ಸಲ್ಫೇಟ್ ಎರಡೂವರೆ ಮಿಲಿಗ್ರಾಂ ಹತ್ತಿರ ಕರಗುತ್ತದೆ. ಬೇರಿಯಂ ಅಯಾನು ವಿಷ, ಆದರೂ ಹೊಟ್ಟೆಯ ಎಕ್ಸ್‌ರೇ ತೆಗೆಯುವ ಮುಂಚೆ ರೋಗಿಗೆ ಬೇರಿಯಂ ಸಲ್ಫೇಟ್ ಕುಡಿಸುತ್ತಾರೆ. ಅದು ಕರಗುವುದು ಅಷ್ಟು ಕಡಿಮೆ ಇರುವುದರಿಂದಲೇ ಇದು ಸಾಧ್ಯ. ಸೀಸದ ಕ್ಲೋರೈಡ್ ಮಾತ್ರ ಕಿರಿಕಿರಿ. ಕೋಣೆಯ ಉಷ್ಣತೆಯಲ್ಲೇ ಲೀಟರಿಗೆ ಸುಮಾರು 10 ಗ್ರಾಂ ಕರಗುತ್ತದೆ, ಬಿಸಿನೀರಿನಲ್ಲಿ ಇನ್ನೂ ಜಾಸ್ತಿ. ದ್ರಾವಣ ತೆಳುವಾಗಿದ್ದರೆ ಪ್ರಕ್ಷೇಪವೇ ಬರುವುದಿಲ್ಲ. ಸಾಲ್ಟ್ ಅನಾಲಿಸಿಸ್‌ನಲ್ಲಿ ಮೊದಲ ಗುಂಪಿನಲ್ಲಿ ಸಿಗಬೇಕಾದ ಸೀಸ ಎರಡನೇ ಗುಂಪಿನಲ್ಲೂ ತಲೆ ಹಾಕುವುದು ಇದೇ ಕಾರಣಕ್ಕೆ. ಹಾಗೆಯೇ ಕಾರಕವನ್ನು ವಿಪರೀತ ಸುರಿದರೆ ಕೆಲವು ಪ್ರಕ್ಷೇಪಗಳು ಬಂದ ದಾರಿಯಲ್ಲೇ ವಾಪಸ್ ಹೋಗುತ್ತವೆ. ಹತ್ತನೇ ತರಗತಿಯ ಹಳದಿ ಲೆಡ್ ಅಯೋಡೈಡ್‌ಗೆ ಪೊಟ್ಯಾಸಿಯಂ ಅಯೋಡೈಡ್ ತೀರಾ ಹೆಚ್ಚು ಸುರಿದರೆ ಅದೂ ಕರಗತೊಡಗುತ್ತದೆ. ಲ್ಯಾಬಿನಲ್ಲಿ ‘ಹನಿಹನಿಯಾಗಿ ಹಾಕಿ’ ಅಂತ ಗದರುವುದು ಸುಮ್ನೆ ಅಲ್ಲ.

ಇನ್ನು ಬರೆಯುವ ವಿಧಾನ. ಮೂರು ದಾರಿ ಇವೆ. ಒಂದು, ಪೂರ್ಣ ಸಮೀಕರಣ ಬರೆದು, ಬ್ಯಾಲೆನ್ಸ್ ಮಾಡಿ, ಪ್ರತಿಯೊಂದರ ಪಕ್ಕ ಘನ, ದ್ರವ, ಅನಿಲ, ಜಲೀಯ (ನೀರಿನಲ್ಲಿ ಕರಗಿದ್ದು) ಅಂತ ಗುರುತು ಹಾಕಿ, ಜಲೀಯವಾದ ಲವಣ, ಪ್ರಬಲ ಆಮ್ಲ ಮತ್ತು ಪ್ರಬಲ ಪ್ರತ್ಯಾಮ್ಲಗಳನ್ನು ಮಾತ್ರ ಒಡೆದು, ಸಮನಾದದ್ದನ್ನು ಹೊಡೆದುಹಾಕುವುದು. ಉದ್ದ ಆಗುತ್ತದೆ, ಗುಣಕಗಳಲ್ಲಿ ಕೈ ತಪ್ಪಬಹುದು. ಆದರೆ ಎಲ್ಲಿ ತಪ್ಪಿತು ಅಂತ ನಿಮಗೂ ಕಾಣುತ್ತದೆ, ತಿದ್ದುವವರಿಗೂ ಕಾಣುತ್ತದೆ, ಹಂತದ ಅಂಕ ಸಿಗುತ್ತದೆ. ಎರಡು, ಬೀಳುವ ಘನ ಯಾವುದು ಅಂತ ನೇರ ಗುರುತಿಸಿ ಅದರ ಅಯಾನುಗಳನ್ನು ಎಡಕ್ಕೆ ಬರೆಯುವುದು. ಸಿಇಟಿ, ನೀಟ್‌ನಂಥ ಕಡೆ ಅನುಕೂಲ. ಅಪಾಯ ಏನೆಂದರೆ ದುರ್ಬಲ ಆಮ್ಲ ಇದ್ದಾಗ, ಎರಡು ಪ್ರಕ್ಷೇಪ ಒಟ್ಟಿಗೆ ಬಿದ್ದಾಗ, ಏನೂ ಬೀಳದಿದ್ದಾಗ ಇದು ಮುಗ್ಗರಿಸುತ್ತದೆ. ಮೂರನೆಯದು, ನಿಮ್ಮ ಗೆಳತಿ ಪಟ್ಟಿಯನ್ನು ಮಾಡಿದ ಹಾಗೆ, ಉತ್ತರಗಳನ್ನೇ ಉರು ಹೊಡೆಯುವುದು. ಪ್ರಾಕ್ಟಿಕಲ್ ವೈವಾಗೆ ಒಂದು ಮಟ್ಟಕ್ಕೆ ಆಗುತ್ತದೆ. ಪ್ರಶ್ನೆಯಲ್ಲಿ ಒಂದು ಲವಣ ಬದಲಾದರೆ ಕೈ ಕೊಡುತ್ತದೆ. ನಾನಾದರೆ ಈ ವರ್ಷ ಪೂರ್ತಿ ಮೊದಲ ದಾರಿಯಲ್ಲೇ ಹೋಗಿ ಅನ್ನುತ್ತೇನೆ. ಎರಡನೆಯದು ತಾನಾಗಿಯೇ ಕೈಗೆ ಬರುತ್ತದೆ.

ಒಡೆಯುವಾಗ ಎರಡು ಕಡೆ ಎಚ್ಚರ. ಬೇರಿಯಂ ಕ್ಲೋರೈಡ್ ಸೂತ್ರದಲ್ಲಿ ಕ್ಲೋರಿನ್ ಪಕ್ಕ ಕೆಳಗಿರುವ 2, ಒಡೆದ ಮೇಲೆ ಮುಂದೆ ಬಂದು ‘2 ಕ್ಲೋರೈಡ್⁻’ ಆಗುತ್ತದೆ. ಕೆಳಗೇ ಬಿಟ್ಟರೆ ಅದು ಕ್ಲೋರಿನ್ ಅನಿಲದ ಸೂತ್ರದ ಹಾಗೆ ಕಾಣುತ್ತದೆ. ಆದರೆ ಸಲ್ಫೇಟ್‌ನ ಒಳಗಿನ 4 ಹೊರಗೆ ಬರುವುದಿಲ್ಲ. ಸಲ್ಫೇಟ್, ನೈಟ್ರೇಟ್, ಕಾರ್ಬೊನೇಟ್, ಫಾಸ್ಫೇಟ್ ಇಡಿಯಾಗಿಯೇ ಓಡಾಡುತ್ತವೆ, ಅವನ್ನು ಮತ್ತೆ ಒಡೆಯಬೇಡಿ. ಕೊನೆಯಲ್ಲಿ ಎರಡೂ ಬದಿಯ ಆವೇಶ ಕೂಡಿ ನೋಡಿ. ಎಡಕ್ಕೆ 2+ ಇದ್ದರೆ ಬಲಕ್ಕೂ 2+ ಇರಬೇಕು.

ಇವನ್ನು ಮಾಡಿ ನೋಡಿ, ಉತ್ತರ ಕೆಳಗೇ ಇದೆ, ಮುಚ್ಚಿಕೊಂಡು ಮಾಡಿ. ಸಿಲ್ವರ್ ನೈಟ್ರೇಟ್ ಮತ್ತು ಕ್ಯಾಲ್ಸಿಯಂ ಕ್ಲೋರೈಡ್. ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸೋಡಿಯಂ ಫಾಸ್ಫೇಟ್. ಪೊಟ್ಯಾಸಿಯಂ ಸಲ್ಫೇಟ್ ಮತ್ತು ಅಮೋನಿಯಂ ನೈಟ್ರೇಟ್. ಮೆಗ್ನೀಸಿಯಂ ಸಲ್ಫೇಟ್ ಮತ್ತು ಬೇರಿಯಂ ಹೈಡ್ರಾಕ್ಸೈಡ್. ಎಲ್ಲವೂ ದ್ರಾವಣಗಳು.

ಮೊದಲನೆಯದರಲ್ಲಿ ಹೊಡೆದುಹಾಕಿದ ಮೇಲೆ ಎಲ್ಲದರ ಮುಂದೆಯೂ 2 ಉಳಿಯುತ್ತದೆ. ಅದನ್ನು ಭಾಗಿಸಿ ಸರಳ ಮಾಡಬೇಕು: ಸಿಲ್ವರ್⁺ + ಕ್ಲೋರೈಡ್⁻ → ಸಿಲ್ವರ್ ಕ್ಲೋರೈಡ್ (ಘನ). ಎರಡನೆಯದು: 3 ಕ್ಯಾಲ್ಸಿಯಂ²⁺ + 2 ಫಾಸ್ಫೇಟ್³⁻ → ಕ್ಯಾಲ್ಸಿಯಂ ಫಾಸ್ಫೇಟ್ (ಘನ). ಇಲ್ಲಿ 3 ಮತ್ತು 2 ಉಳಿಯಲೇಬೇಕು, ಆವೇಶ 6+ ಮತ್ತು 6− ಸೇರಿ ಸೊನ್ನೆಯಾಗಲು. ಮೂರನೆಯದಕ್ಕೆ ಕ್ರಿಯೆ ಇಲ್ಲ. ನಾಲ್ಕನೆಯದರಲ್ಲಿ ಬಹಳ ಜನ ಬೇರಿಯಂ ಸಲ್ಫೇಟ್ ಒಂದನ್ನೇ ಬರೆದು ಪೆನ್ನು ಮುಚ್ಚುತ್ತಾರೆ. ಮೆಗ್ನೀಸಿಯಂ ಹೈಡ್ರಾಕ್ಸೈಡ್ ಕೂಡ ಬೀಳುತ್ತದೆ:

ಮೆಗ್ನೀಸಿಯಂ²⁺ + ಸಲ್ಫೇಟ್²⁻ + ಬೇರಿಯಂ²⁺ + 2 ಹೈಡ್ರಾಕ್ಸೈಡ್⁻ → ಬೇರಿಯಂ ಸಲ್ಫೇಟ್ (ಘನ) + ಮೆಗ್ನೀಸಿಯಂ ಹೈಡ್ರಾಕ್ಸೈಡ್ (ಘನ)